ಮೆತ್ತಗೆ ಬಿಟ್ಟ ಹನಿ

ಅಕ್ಕಾ,

ಕೆಮ್ಮು ಬಿಟ್ಟಿದೆ, ಚಿಂತೆ ಬೇಡ. ಇವತ್ತು ಲ್ಯಾಬಿನಲ್ಲಿ ನಿನ್ನ ಎದೆಹಾಲಿನ ಗುಟ್ಟು ಕಣ್ಣಾರೆ ಕಂಡೆ! ಹಾಲಿಳಿಸುವ ಹಾರ್ಮೋನು ಜೀವಕೋಶದ ಒಳಗೇ ಹೋಗುವುದಿಲ್ಲ. ಹೊರಗೆ ನಿಂತು ಬಾಗಿಲು ತಟ್ಟುತ್ತದೆ. ಒಳಗೆ ಕೂಡಿಟ್ಟಿದ್ದ ಕ್ಯಾಲ್ಸಿಯಂ ಕೋಶದ ತುಂಬ ನುಗ್ಗಿದೊಡನೆ ಅದು ಹಿಂಡಿಕೊಂಡು ಹಾಲನ್ನು ತಳ್ಳುತ್ತದೆ. ತಟ್ಟೆಯಲ್ಲಿ ಬೆಳೆಸಿದ ಅಂಥ ಕೋಶಗಳಿಗೆ, ಕ್ಯಾಲ್ಸಿಯಂ ಏರಿದರೆ ಹೊಳೆಯುವ ಬಣ್ಣ ಹಾಕಿ ನೋಡುತ್ತಿದ್ದೆವು.

ಹೋಲಿಸಲೆಂದು ಮೊದಲು ಬರೀ ಉಪ್ಪುನೀರು ಸುರಿದೆ. ಅದಕ್ಕೂ ಹೊಳೆಯಬೇಕೇ! ಮೇಡಂ ನಕ್ಕರು: "ಹಾಗೆ ರಭಸವಾಗಿ ಸುರಿದ್ರೆ ಬೆಚ್ಚಿಬೀಳ್ತವೆ ಕಣೇ. ಮೆತ್ತಗೆ ಬಿಡು." ಮೆತ್ತಗೆ ಬಿಟ್ಟಾಗ ಉಪ್ಪುನೀರಿಗೆ ಕ್ಯಾರೇ ಅನ್ನಲಿಲ್ಲ, ಹಾರ್ಮೋನಿನ ಒಂದೇ ಹನಿಗೆ ಸಾಲುದೀಪ ಹಚ್ಚಿದಂತೆ ಬೆಳಗಿದವು!

ಇದು ತೆರೆದ ಅಂಚೆ ಕಾರ್ಡು, ಮೊದಲು ನಿನ್ನ ಅತ್ತೆಯೇ ಓದುತ್ತಾರೆ. ಅತ್ತೆಯವರೇ, ಹಾಲು ಸಾಲದೆಂದು ಅಕ್ಕನನ್ನು ಗದರಬೇಡಿ, ಗದರಿದರೆ ಆ ಹಾರ್ಮೋನಿನ ಹನಿಯೇ ಹೊರಡದು. ಮೆತ್ತಗೆ.

ನಿನ್ನ ತಂಗಿ