ತಣ್ಣಗಾಗುವ ಮೊದಲು

ಜೂನ್ 12, ಸೋಮವಾರ

ಲ್ಯಾಬಿನ ಕಸ ಆಯಿತು. ಬಟನ್ ಎಲ್ಲ ಬಂದ್ ಆಗಿವೆಯಾ ಎಂದು ಎರಡು ಸಲ ನೋಡಿದೆ. ಗೇಟಿನ ತನಕ ಹೋಗಿ ಮತ್ತೆ ಬಂದು ನೋಡಿದೆ. ವಾಚ್‌ಮನ್ ಕಳಕಪ್ಪ ನಕ್ಕ — "ಬಸವಣ್ಣೆವ್ವಾ, ನಿನ್ನ ಕೈಗೆ ಸಿಕ್ರ ಸೂರ್ಯಾನ್ನೂ ಬಂದ್ ಮಾಡಿ ಮನಿಗೆ ಹೋಗ್ತಿ ನೋಡವಾ." ನಗಲಿ. ಇಸ್ತ್ರಿಪೆಟ್ಟಿಗೆ ಆರಿಸದೆ ಬಿಟ್ಟು ಹೋಗಿ ಮಗಳ ಸೀರೆ ಸುಟ್ಟದ್ದು ನನ್ನ ಮನೆಯಲ್ಲಿ, ಅವನ ಮನೆಯಲ್ಲಲ್ಲ.

ನಾಳೆ ಕೈನಾತ ಮೇಡಂ ಚಿಪ್ ಕಾಸುತ್ತಾರೆ. ಲಕ್ಷ್ಮೇಶ್ವರದ ಹುಡುಗಿ, ಪಿಎಚ್‌ಡಿ ಮಾಡುವಾಕೆ. ಎರಡು ವರ್ಷದ ಕೆಲಸ, ಉಗುರಿಗಿಂತ ಚಿಕ್ಕದು. ಒಳಗೆ ಬೆಳಕು ಹೋಗಲು ಸಣ್ಣ ದಾರಿ, ಮೇಲೆ ಬಣ್ಣದ ಪ್ಲಾಸ್ಟಿಕ್ಕಿನಂಥ ತೆಳು ಪದರ. ಪಾಲಿಮರ್ ಅನ್ನುತ್ತಾರೆ.

ಜೂನ್ 13, ಸಂಜೆ 6

ತಪ್ಪಾಗಿದೆಯೇನೋ...

ಮೀಟಿಂಗಿಗೆ ಹೋಗುವಾಗ ಮೇಡಂ ಹೇಳಿದ್ದರು — "ಅಕ್ಕಾರ, ನಾಕಕ್ಕ ಹೀಟರ್ ಅಷ್ಟ ಬಂದ್ ಮಾಡ್ರಿ. ಚಿಪ್ಪಿಗೆ ಕರೆಂಟ್ ಕೊಡೂ ಕೆಂಪು ಬಟನ್ ಮುಟ್ಟಬ್ಯಾಡ್ರಿ. ತಣ್ಣಗಾದ ಮ್ಯಾಲ ನಾನ ಬಂದು ಬಂದ್ ಮಾಡ್ತೀನಿ."

ಹೀಟರ್ ಆರಿಸಿದೆ. ಕೈ ಅಲ್ಲಿಗೆ ನಿಲ್ಲಲಿಲ್ಲ. ರೂಢಿ. ಕೆಂಪನ್ನೂ ಒತ್ತಿಬಿಟ್ಟೆ. ಹೊರಗೆ ಚಹಾ ಕುಡಿಯುವಾಗ ನೆನಪಾಯಿತು. ಓಡಿದೆ, ಮತ್ತೆ ಹಾಕಿದೆ. ದೀಪ ಹತ್ತಿತು. ಮೇಡಂ ಬಂದು ಹತ್ತಿದ ದೀಪ ನೋಡಿದರು, ತಾವೇ ಬಂದ್ ಮಾಡಿದರು. ನಡುವೆ ಆರಿಸಿದ್ದನ್ನು ನಾನು ಹೇಳಲಿಲ್ಲ.

ಜೂನ್ 17, ಶನಿವಾರ

ಮೂರು ದಿನ ಬರೆಯಲಿಲ್ಲ.

ಚಿಪ್ ಕೆಲಸ ಮಾಡುತ್ತಿಲ್ಲ. ಮೇಡಂ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಏನಾಯಿತೆಂದು ಕೇಳಿದೆ.

"ಬೆಳಕು ಎರಡು ದಾರಿ ಹಿಡದು ಹೋಗಿ ಮತ್ತ ಕೂಡ್ತೈತ್ರಿ. ಒಂದು ದಾರಿಗೆ ಕರೆಂಟ್ ಕೊಟ್ರ ಅಲ್ಲಿ ಬೆಳಕು ಚೂರು ತಡಾ ಆಗ್ಬೇಕು. ಹೆಜ್ಜಿ ಕೂಡಿದ್ರ ಬೆಳಕು, ತಪ್ಪಿದ್ರ ಕತ್ತಲಿ. ಹಂಗ ಹತ್ತಿಸಿ ಆರಿಸೇ ಸುದ್ದಿ ಕಳಸೂದು. ಇದು ಆರಾಕ ಒಲ್ಲದು."

"ಯಾಕ್ರಿ?"

"ಪಾಲಿಮರಿನ ಕಣ ಎಲ್ಲಾ ಒಂದ ದಿಕ್ಕಿಗೆ ನಿಲ್ಲಬೇಕು. ಕಾಸಿದ್ರ ಸಡ್ಲ ಆಗ್ತಾವು. ಕರೆಂಟ್ ಅವನ್ನ ಜಗ್ಗಿ ಸಾಲು ಹಚ್ತೈತಿ, ತಣ್ಣಗಾಗೂ ತನಕ ಜಗ್ಗೇ ಇರಬೇಕು. ಎಲ್ಲಾ ಬರೋಬ್ಬರಿ ಮಾಡೇನಿ. ಹಂಗಂದ್ರ ನನ್ನ ಪಾಲಿಮರ್ ಮಿಶ್ರಣನ ತಪ್ಪು. ಸೋಮವಾರ ಆ ಪದರ ತೊಳದು ತಗೀತೀನಿ. ಮತ್ತ ಎರಡು ವರ್ಷ... ಅಷ್ಟು ಟೈಮ್ ಎಲ್ಲೈತ್ರಿ ಅಕ್ಕಾರ?"

ಆ ಜಗ್ಗುವ ಕರೆಂಟೇ ನಾನು ಆರಿಸಿದ ಕೆಂಪು ಬಟನ್. ಬೆಟಗೇರಿಯ ನೇಕಾರರ ಮನೆಯವಳು ನಾನು. ಸೀರೆಯ ಹಾಸನ್ನು, ಅಂದರೆ ಉದ್ದದ ನೂಲೆಳೆಗಳನ್ನು, ಓಣಿಯುದ್ದ ಜಗ್ಗಿ ಕಟ್ಟಿ ಗಂಜಿ ಹಚ್ಚುತ್ತಿದ್ದೆವು. ಒಣಗುವ ಮೊದಲು ಹಗ್ಗ ಬಿಟ್ಟರೆ ಎಳೆಯೆಲ್ಲ ಮುದ್ದೆ. ಆರನೇ ಇಯತ್ತೆಗೆ ಶಾಲೆ ಬಿಡಿಸಿ ನನಗೆ ಕೊಟ್ಟ ಕೆಲಸವೇ ಆ ಹಗ್ಗ ಕಾಯುವುದು.

ಜೂನ್ 19, ಬೆಳಿಗ್ಗೆ 8, ಲ್ಯಾಬ್

ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ...

ಒಮ್ಮೆ ನನ್ನ ಕೈಯಿಂದ ಹಗ್ಗ ಜಾರಿತ್ತು. ಅಪ್ಪ ಹಾಸು ಎಸೆಯಲಿಲ್ಲ. ಮತ್ತೆ ತೋಯಿಸಿದ, ಮತ್ತೆ ಜಗ್ಗಿ ಕಟ್ಟಿದ. ಆದರೆ ಹಗ್ಗ ಜಾರಿತೆಂದು ಅವನಿಗೆ ಗೊತ್ತಿತ್ತು. ಚಿಪ್ಪನ್ನೂ ಹಾಗೆ ಮತ್ತೆ ಕಾಸಬಹುದಾ? ನನಗೇನು ತಿಳಿಯುತ್ತದೆ. ಕೆಂಪು ದೀಪ ನಡುವೆ ಆರಿತ್ತೆಂದು ತಿಳಿದವಳು ಮಾತ್ರ ನಾನೊಬ್ಬಳೇ.

ಮೇಡಂ ಬಂದರು. ಪದರ ತೊಳೆಯುವ ಬಾಟಲಿ ಟೇಬಲ್ ಮೇಲಿಟ್ಟರು. ಡಬ್ಬಿಯಿಂದ ಚಿಪ್ ತೆಗೆಯುತ್ತಿದ್ದಾರೆ. ಮುಚ್ಚಳ ತಿರುವಿದರು —

"ಮೇಡಂ, ತಡೀರಿ" ಅಂದೆ. ನನ್ನ ಕಡೆ ನೋಡುತ್ತಿದ್ದಾರೆ. ಪೆನ್ನು ಇಡಬೇಕು. ಮೊದಲು ಕೆಂಪು ಬಟನ್ ಆರಿಸಿದ್ದು ಹೇಳುತ್ತೇನೆ, ಮತ್ತೆ ಕಾಸಬಹುದಾ ಎಂದು ಆಮೇಲೆ ಕೇಳುತ್ತೇನೆ.