ಲಾಡಿಯ ಗುರುತು

ಜೂನ್ 11, ಬೆಳಿಗ್ಗೆ

…ಸೀರೆ ಸಡಿಲಾದವಳ ಮನೆಯೂ ಸಡಿಲು. ಹಾಗೇನೋ ಅಂದರು ವೈನಿ. ಪೂರ್ತಿ ನೆನಪಿಲ್ಲ. ಹಲ್ಲುಜ್ಜುತ್ತಿದ್ದೆ. ಮನೆಯಲ್ಲಿರುವಾಗ ಮ್ಯಾಕ್ಸಿ ಹಾಕಿಕೊಳ್ಳಿ ಎಂದು ತೃಪ್ತಿ ಹೇಳಿದ್ದಳು, ಅದಕ್ಕೆ ಈ ಉತ್ತರ. ತೃಪ್ತಿ ನನ್ನ ಹೆಂಡತಿ, ವೈನಿ ಅಣ್ಣನ ಹೆಂಡತಿ. ನಡುವೆ ಬಾಯಿ ಹಾಕಲಿಲ್ಲ.

ಕಾಗವಾಡದ ಶಾಲೆಯಲ್ಲಿ ನನ್ನ ಪಾಠ ಎರಡು ಪಿರಿಯಡ್. ಮಳೆ ಬರುವಂತಿದೆ, ಬರುತ್ತಿಲ್ಲ.

ಜೂನ್ 14

ತೃಪ್ತಿ ಹೇಳಿದಳು. ವೈನಿಯ ಸೊಂಟದ ಬಲಗಡೆ ಹುಣ್ಣು. ಸೀರೆಯೊಳಗಿನ ಪರಕಾರದ ಲಾಡಿ ಕೂರುವ ಜಾಗದಲ್ಲೇ. ಅವರು ಬಟ್ಟೆ ಬದಲಿಸುವಾಗ ಇವಳು ಗೊತ್ತಿಲ್ಲದೆ ಬಾಗಿಲು ತಳ್ಳಿದಳಂತೆ. "ಮೂರ ವರ್ಷದ್ದಂತ."

ಈ ಕಡೆ ಹೊಲಕ್ಕೆ ಹೋಗುವ ಹೆಂಗಸರ ಸೊಂಟಕ್ಕೆ ಕಪ್ಪು ಪಟ್ಟಿ ಇದ್ದೇ ಇರುತ್ತದೆ. ಕಬ್ಬಿನ ಕಳೆ ತೆಗೆಯಲು ಇಳಿಯುವ ಮೊದಲು ಲಾಡಿ ಬಿಗಿದು, ಸೀರೆ ಎತ್ತಿ ಸಿಕ್ಕಿಸಿ, ದಿನವಿಡೀ ಬಗ್ಗಿ… ಅದನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ತೃಪ್ತಿಗೂ ಇದೆ. ವೈನಿಯದು ಮೊದಲು ಬಿಳಿಚಿತು. ಸಿಪ್ಪೆ ಎದ್ದಿತು. ಒಡೆಯಿತು. ಔಷಧ ಅಂಗಡಿಯಲ್ಲಿ ತುರಿಕೆ ಎಂದಷ್ಟೇ ಹೇಳಿ ಟ್ಯೂಬ್ ತಂದುಕೊಂಡರಂತೆ. ಮಾಯದಿದ್ದಾಗ ಅರಿಶಿಣ ಹಚ್ಚಿದ ಬಟ್ಟೆಯ ಚೂರು. ಅದು ಜಾರಬಾರದೆಂದು ಅದರ ಮೇಲೆಯೇ ಲಾಡಿ, ಇನ್ನಷ್ಟು ಬಿಗಿಯಾಗಿ.

ಜೂನ್ 19

ವೈನಿ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದರು. ಪಕ್ಕದ ಮನೆಯ ಅಕ್ಕುತಾಯಿಯೂ ಇದ್ದಳು.

"ವೈನಿ, ಮಿರಜಿಗೆ ಹೋಗೂಣ್ರಿ."

"ಯಾಕ? ಸಿನಿಮಾ ತೋರಸ್ತಿ ಏನ?"

"ಡಾಕ್ಟರಗ ತೋರಸೂಣು."

"ನಿಮ್ಮಣ್ಣ ಹೋಗಿ ಆರ ವರ್ಷ ಆತು. ಇಷ್ಟ ದಿನಾ ಮಾನಾ ಕಾಯ್ಕೊಂಡ ಬಂದು, ಈಗ ಮುದುಕ್ಯಾಗಿ ಕಂಡವರ ಮುಂದ ಲಾಡಿ ಬಿಚ್ಚಲೇನೋ?"

"ಹೋಗ ಬೇ ಸೋನಾಬಾಯಿ," ಅಂದಳು ಅಕ್ಕುತಾಯಿ. "ಡಾಕ್ಟರು ಚಂದ ಇದ್ರ ನನಗೂ ಹೇಳು. ನನಗೂ ಸೊಂಟ ಐತಿ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುವಾಗ ವೈನಿ ಬಲಗೈಯಿಂದ ಸೊಂಟ ಒತ್ತಿ ಹಿಡಿದಿದ್ದರು. ಕೊನೆಗೆ ವೈನಿ ಒಪ್ಪಿದರು — ಹೆಂಗಸು ಡಾಕ್ಟರ್ ಆದರೆ ಮಾತ್ರ.

ಜೂನ್ 24

ಉಗಾರದಿಂದ ಮಿರಜಿಗೆ ರೈಲು. ಡಾಕ್ಟರು ಹೆಂಗಸೇ. ನಾನು ಪರದೆಯ ಈಚೆ, ವೈನಿಯ ಜೊತೆ ತೃಪ್ತಿ ಆಚೆ. ಇಷ್ಟು ದಿನ ಯಾರಿಗೂ ತೋರಿಸಲಿಲ್ಲವೇ ಎಂದು ಮರಾಠಿಯಲ್ಲಿ ಕೇಳುವುದು ಕೇಳಿಸಿತು.

"ಕುಣಾಲಾ ದಾಖವೂ, ಬಾಯಿ?"

ಯಾರಿಗೆ ತೋರಿಸಲಿ, ತಾಯಿ. ವೈನಿಯ ದನಿ ಅಷ್ಟು ಸಣ್ಣದಿರಬಹುದೆಂದು ಗೊತ್ತಿರಲಿಲ್ಲ.

ಹುಣ್ಣಿನ ಅಂಚು ಎದ್ದು ಗಟ್ಟಿಯಾಗಿದೆಯಂತೆ. ಅಂಚಿನಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು.

ಜುಲೈ 3

ಕ್ಯಾನ್ಸರ್. ಚರ್ಮದ್ದು. ವರ್ಷಗಟ್ಟಲೆ ಲಾಡಿ ಉಜ್ಜಿ ಆಗಿದ್ದಂತೆ.

ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯಬೇಕು. ತೊಡೆಯಿಂದ ಚರ್ಮ ತಂದು ಮುಚ್ಚಬೇಕು. ತೊಡೆಸಂದಿನಲ್ಲಿ ಗಂಟು ಕೈಗೆ ಸಿಗುತ್ತಿದೆ. ಅದನ್ನು ಹೇಳುವಾಗ ಡಾಕ್ಟರು ನನ್ನ ಮುಖ ನೋಡಲಿಲ್ಲ. ತೃಪ್ತಿಯ ಸೊಂಟವನ್ನೂ ನೋಡಿದರಂತೆ. ಲಾಡಿ ಬಿಟ್ಟು ಅಗಲ ಪಟ್ಟಿ ಹೊಲಿಸಿಕೊಳ್ಳಿ, ದಿನಾ ಒಂದೇ ಜಾಗಕ್ಕೆ ಕಟ್ಟಬೇಡಿ ಅಂದರಂತೆ. ಇಷ್ಟೇ ಮಾತು. ಇದನ್ನು ಹೇಳಲು ನಮ್ಮ ಮನೆಗೆ ಯಾರೂ ಬಂದಿರಲಿಲ್ಲ.

ಜುಲೈ 12

ಆಪರೇಷನ್ ಆಯಿತು. ಎಚ್ಚರ ಬಂದ ಕೂಡಲೇ ವೈನಿ ಕೇಳಿದ್ದು: "ನನ್ನ ಸೀರಿ ಎಲ್ಲೈತಿ?"

ಆಗಸ್ಟ್ 30

ಇಷ್ಟು ದಿನ ಬರೆಯಲಿಲ್ಲ. ಕೃಷ್ಣೆ ಏರಿತ್ತು, ಜುಗೂಳದ ಕಡೆಯ ದಾರಿ ಬಂದ್ ಆಗಿತ್ತು, ಈಗ ಇಳಿದಿದೆ. ತೆಗೆದ ಗಂಟುಗಳಲ್ಲೂ ರೋಗವಿತ್ತು. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸುವುದು ಮುಗಿಯಿತು.

ವೈನಿ ತೃಪ್ತಿಯ ನೀಲಿ ಮ್ಯಾಕ್ಸಿಯಲ್ಲಿದ್ದಾರೆ. ಯಾರಾದರೂ ಬಂದರೆ ಒಳಗೆ ಹೋಗುತ್ತಾರೆ. ಅಕ್ಕುತಾಯಿ ಅಡಿಗೆಮನೆಯವರೆಗೂ ಬೆನ್ನಟ್ಟಿ ಹೋದಳು. "ಅಯ್ಯ, ಕಾಲೇಜ್ ಹುಡುಗಿ ಆಗ್ಯಾಳ ನೋಡ್ರಿ!" ಈ ಸಲ ಒಬ್ಬಳೇ ನಕ್ಕಳು.

ಅಕ್ಟೋಬರ್ 21

ಕೆಮ್ಮು ಎಂದು ಹೋದೆವು. ಸ್ಕ್ಯಾನ್. ಶ್ವಾಸಕೋಶಕ್ಕೆ ಇಳಿದಿದೆ. ಇನ್ನು ನೋವಿಗೆ ಮಾತ್ರ ಔಷಧ.

ಎರಡು ವರ್ಷದ ಹಿಂದೆ ತಂದಿದ್ದರೆ? ವೈನಿಯನ್ನು ಹೊರಗೆ ಕೂರಿಸಿ ಬಂದು ತೃಪ್ತಿ ಕೇಳಿಯೇಬಿಟ್ಟಳು. ಆ ಜಾಗವಷ್ಟೇ ಮರಗಟ್ಟಿಸಿ ತೆಗೆದು, ಬಹುಶಃ ಸಂಜೆಗೆ ಮನೆಗೆ ಕಳಿಸುತ್ತಿದ್ದೆ ಅಂದರು ಡಾಕ್ಟರು. ನಿಧಾನವಾಗಿ, ನಮಗೆ ನೋವಾಗದಂತೆ.

ರೈಲಿನಲ್ಲಿ ವೈನಿ ಕಿಟಕಿಯ ಕಡೆ ಕೂತಿದ್ದರು.

"ಏನಂದ್ಳು?"

"ಗುಳಿಗಿ ಬರದ ಕೊಟ್ಟಾರ್ರಿ."

"ಸುಳ್ಳ ಹೇಳೂದು ಸಣ್ಣಾವಿದ್ದಾಗಿಂದ ಬರಂಗಿಲ್ಲ ನಿನಗ." ಕಿಟಕಿಯಾಚೆ ನೋಡುತ್ತಲೇ, "ತೃಪ್ತಿಗೆ ಅಗಲ ಪಟ್ಟಿ ಹೊಲಿಸಿದೇನು?"

ಇಲ್ಲ. ಹೊಲಿಸಿರಲಿಲ್ಲ.

ಅಕ್ಟೋಬರ್ 23, ಸಂಜೆ

ಹೊತ್ತು ಮುಳುಗುವ ಮೊದಲು ಊಟ ಮುಗಿಸಿದೆವು. ವೈನಿ ಎರಡು ತುತ್ತು. ಆಮೇಲೆ ತೃಪ್ತಿ ಔಷಧ ಹಚ್ಚಲು ಕೂತಳು. ಬಾಗಿಲು ತೆರೆದೇ ಇತ್ತು. ಮುಚ್ಚು ಎಂದು ವೈನಿ ಹೇಳಲಿಲ್ಲ. ಹೇಳುವ ಶಕ್ತಿ ಇರಲಿಲ್ಲವೋ, ಹೇಳುವಂಥದ್ದು ಉಳಿದಿರಲಿಲ್ಲವೋ.

ಕಂಡಿತು. ಸೊಂಟದ ಸುತ್ತ ಕಪ್ಪು ಪಟ್ಟಿ, ಬಲಗಡೆ ಅದು ಕಡಿದುಹೋಗಿ ಬೇರೆ ಬಣ್ಣದ ಚರ್ಮ. ಅಂಗೈಯಗಲ. ಮುಖ ತಿರುಗಿಸಬೇಕಿತ್ತು, ತಿರುಗಿಸಲಿಲ್ಲ. ಒಂದೇ ಮನೆಯಲ್ಲಿ ಮೂರು ವರ್ಷ, ಅವರ ಕೈಯಿಂದಲೇ ರೊಟ್ಟಿ ತಿಂದುಕೊಂಡು…

ಅಣ್ಣಾ, ನೀನಿದ್ದಿದ್ದರೆ — ನೀನಾದರೂ ನೋಡುತ್ತಿದ್ದೆಯಾ?