ಏಳನೇ ತಟ್ಟೆ

ಮಾರ್ಚ್ 11, ಬುಧವಾರ

ಬೆಳಗಿನಿಂದ ಆ ಏಳನೇ ತಟ್ಟೆಯೇ ತಲೆ ತಿನ್ನುತ್ತಿತ್ತು. ಸೋಮವಾರದ ಹನ್ನೆರಡು ತಟ್ಟೆ ಕ್ಯಾನ್ಸರ್ ಕೋಶಗಳಲ್ಲಿ ಹನ್ನೊಂದು ಒಂದೇ ಮಾತು ಹೇಳುತ್ತಿದ್ದರೆ, ಇದೊಂದು ಮಾತ್ರ ದಿನಗಟ್ಟಲೆ ಉಪವಾಸವಿದ್ದ ಹಾಗೆ ಕಂಡಿತು. ಅಣುಗಳನ್ನು ತೂಗುವ ನಮ್ಮ ಯಂತ್ರಕ್ಕೆ ದಾಕ್ಷಿಣ್ಯವೇ ಇಲ್ಲ. ತಟ್ಟೆಯ ದ್ರವ ಹೀರಿದ ಕೂಡಲೇ, ಕೋಶಗಳನ್ನು ಇದ್ದ ಹಾಗೇ ನಿಲ್ಲಿಸಲು, ಮಂಜಿನಂತೆ ಕೊರೆಯುವ ಮೆಥನಾಲ್ ಸುರಿಯಬೇಕು. ಕೆಲವೇ ಸೆಕೆಂಡು ತಡವಾದರೂ ಕೋಶಗಳು ಒಳಗಿದ್ದದ್ದನ್ನೆಲ್ಲ ಖಾಲಿ ಮಾಡಿಬಿಡುತ್ತವೆ.

ತಡ ಮಾಡಿದವಳು ನಾನೇ. ದ್ರವ ಹೀರಿದ್ದೆ, ಅಷ್ಟರಲ್ಲಿ ಫೋನ್ ಬಂತು. ಕೈಗವಸು ಕಿತ್ತು ಫೋನನ್ನು ನನ್ನ ಕಿವಿಗೆ ಹಿಡಿದವರು ಟೆಕ್ನೀಷಿಯನ್ ಗಡಿಯಾರಮ್ಮ. ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸುವ ಅವರ ಚಾಳಿಗೆ ನಾವಿಟ್ಟ ಹೆಸರು ಅದು. ಅವರ ಗಟ್ಟಿ ಎಣಿಕೆ ನಿಂತಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

"ನನ್ನ ಸ್ಕ್ಯಾನ್ ಕ್ಲೀನ್ ಅಂತೆ ಕಣೇ," ಎಂದಳು ಅಕ್ಕ. "ಗಡ್ಡೆಯ ಗುರುತೂ ಇಲ್ವಂತೆ."

ನಿಂತಲ್ಲೇ ಅತ್ತುಬಿಟ್ಟೆ. ಮೆಥನಾಲ್ ಬಾಟಲಿ ಹಿಡಿದು ತಣ್ಣಗಾಗಿದ್ದ ಗಡಿಯಾರಮ್ಮನ ಆ ಕೈ ಈಗಲೂ ನನ್ನ ಕಿವಿಯ ಹತ್ತಿರವೇ ಇದ್ದ ಹಾಗಿದೆ.

ಇವತ್ತು ಬಾಸ್ ಗ್ರಾಫ್ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ಏಳನೇದು ಯಾಕೆ ಹೀಗಿದೆ? ಹೊಸದೇನಾದ್ರೂ ಸಿಕ್ತಾ?" ಅವರ ಮುಖದಲ್ಲಿದ್ದ ಆಸೆ ನೋಡಿ ನಾನು ಗಡಿಯಾರಮ್ಮನ ಕಡೆ ತಿರುಗಿದೆ.

"ರಿಜಿಸ್ಟರ್ ನೋಡಿ ಸಾರ್," ಎಂದರು ಗಡಿಯಾರಮ್ಮ.

ಸೋಮವಾರದ ಪುಟದಲ್ಲಿ, ಅವರ ದುಂಡು ಅಕ್ಷರದಲ್ಲಿ, ಅವತ್ತೇ ಬರೆದಾಗಿತ್ತು: "ತಟ್ಟೆ 7 ಲೆಕ್ಕದಿಂದ ಬಿಡುವುದು. ನಲವತ್ತು ಸೆಕೆಂಡು ತಡ. ಕಾರಣ: ಹುಡುಗಿಯ ಅಕ್ಕ ಹುಷಾರಾದಳು."

ಬಾಸ್ ಎರಡು ಸಲ ಓದಿದರು. ಆಮೇಲೆ ಪೆನ್ನು ತೆಗೆದು ಕೆಳಗೆ ಸಹಿ ಹಾಕಿದರು.